ನಾಟಿಂಗ್‌ಹ್ಯಾಮಿನ ಚಿಗವ್ವ

ಸಿಂಧನೂರಿನ ನಮ್ಮ ಓಣಿಗೆ ಬಂದು ‘ಲಂಡನ್ ಅಮರಮ್ಮನ ಮನೆ ಎಲ್ಲಿ’ ಎಂದು ಕೇಳಿ, ಸಣ್ಣ ಹುಡುಗರೂ ತೋರಿಸುತ್ತಾರೆ. ಅದು ಲಂಡನ್ ಅಲ್ಲ, ನಾಟಿಂಗ್‌ಹ್ಯಾಮ್ ಎಂದು ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ಈ ಮಂದಿಗೆ ಇಂಗ್ಲೆಂಡ್ ಅಂದರೆ ಲಂಡನ್, ಮುಗೀತು. ವಿಮಾನ ಹತ್ತಿ ಹೋಗಿಬಂದವಳು ಎಂದು ಅವಳನ್ನು ಕಣ್ಣು ಕಿಸಿದು ನೋಡುವವರೇ ಎಲ್ಲ. ಹೋಗಿ ಏನು ಕಳೆದುಕೊಂಡು ಬಂದಳು ಎಂದು ಕೇಳಿದವರು ಒಬ್ಬರೂ ಇಲ್ಲ.

ನಾನು ಉಮಾದೇವಿ, ಜಂಪರು ಹೊಲಿಯುವವಳು. ಅಮರಮ್ಮನ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಅವಳು ಕೆಮ್ಮಿದರೆ ನನಗೆ ಕೇಳುತ್ತದೆ, ನನ್ನ ಗಂಡ ನನ್ನ ಮೇಲೆ ಕೂಗಾಡಿದರೆ ಅವಳಿಗೆ ಕೇಳುತ್ತದೆ. ಹಾಗಾಗಿ ಅವಳ ಕಥೆ ಹೇಳುವ ಹಕ್ಕು ನನಗಿದೆ. ಸಿಟ್ಟಿನಿಂದಲೇ ಹೇಳುತ್ತೇನೆ. ತಣ್ಣಗೆ ಹೇಳುವ ಕಥೆ ಇದಲ್ಲ.

ಅಮರಮ್ಮನದು ಬಾಣಂತಿಗೆ, ಕೂಸಿಗೆ ನೀರು ಹಾಕುವ ಕೆಲಸ. ಬಚ್ಚಲಲ್ಲಿ ಸೀರೆ ಮೊಳಕಾಲಿಗೆ ಏರಿಸಿ, ಎರಡೂ ಕಾಲು ಚಾಚಿ ಕುಳಿತು, ಮುಂಗಾಲ ಮೇಲೆ ಕೂಸನ್ನು ಬೋರಲು ಹಾಕಿಕೊಂಡು ಎಣ್ಣೆ ತಿಕ್ಕಿದಳೆಂದರೆ ಎಂಥ ಹಟಮಾರಿ ಕೂಸೂ ಸುಮ್ಮನಾಗುತ್ತದೆ. ಆಮೇಲೆ ಕಡಲೆಹಿಟ್ಟು, ಬಿಸಿನೀರು, ಕೊನೆಗೆ ಲೋಬಾನದ ಹೊಗೆ. ಗಂಡ ದುರುಗಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ. ಕಾಮಾಲೆಯಾಗಿ ಸತ್ತಾಗ ಮಗಳು ಗಂಗಾಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಆ ಹುಡುಗಿಯನ್ನು ಕಟ್ಟಿಕೊಂಡೇ ಅಮರಮ್ಮ ಮನೆಮನೆ ತಿರುಗಿದಳು. ಅವ್ವ ಬೇರೆಯವರ ಮಕ್ಕಳಿಗೆ ಎರೆಯುವುದನ್ನು ಬಚ್ಚಲ ಬಾಗಿಲಲ್ಲಿ ಕುಳಿತು ನೋಡುತ್ತಲೇ ಗಂಗಾ ದೊಡ್ಡವಳಾದಳು.

ಈ ಕೆಲಸದಲ್ಲಿ ಅಮರಮ್ಮನಿಗೆ ಒಂದು ಕಟ್ಟು ಇತ್ತು. ಕೂಸಿಗೆ ಮೊದಲ ನೀರು ಹಾಕಿದ ಕೈಯೇ ಐದು ತಿಂಗಳು ಹಾಕಬೇಕು. ನಡುವೆ ಬಿಟ್ಟು ಹೋದರೆ ಕೂಸಿನ ಮೈ ಕೂಡುವುದಿಲ್ಲ, ಬಿಟ್ಟು ಹೋದವಳ ವಂಶದ ಕೂಸಿಗೂ ಒಳ್ಳೆಯದಾಗುವುದಿಲ್ಲ. ಅವಳ ಅವ್ವ ಅವಳಿಗೆ ಹೇಳಿಕೊಟ್ಟ ಮಾತು. ಜ್ವರ ಬಂದರೂ, ಮಳೆ ಸುರಿದರೂ ಅವಳು ಹಿಡಿದ ಕೂಸನ್ನು ಬಿಟ್ಟವಳಲ್ಲ. ಅದಕ್ಕೇ ಊರಲ್ಲಿ ಅವಳಿಗೆ ಹೆಸರು.

ಗಂಗಾಳನ್ನು ಮಸ್ಕಿಯ ವಿರೇಶನಿಗೆ ಕೊಟ್ಟಳು. ಗೂಡ್ಸ್ ಆಟೋ ಓಡಿಸುವ ಹುಡುಗ, ಕೆಟ್ಟ ಚಟವಿಲ್ಲ. ಮದುವೆಯಾದ ಮರುವರ್ಷ ಗಂಗಾ ಬಸುರಾದಳು. ಅಮರಮ್ಮನ ಖುಷಿ ಏನು ಹೇಳಲಿ! ಹಳೆಯ ಮೆತ್ತನೆ ಸೀರೆಗಳನ್ನೆಲ್ಲ ಹರಿದು ಕೂಸಿನ ಬಟ್ಟೆ ಮಾಡಿದಳು. ಬಾಣಂತಿಗೆ ಕೊಡುವ ಉಂಡಿಗೆ ಬೇಕೆಂದು ಅಂಟು, ಉತ್ತತ್ತಿ, ಒಣಕೊಬ್ಬರಿ ಕೂಡಿಡತೊಡಗಿದಳು. ಚೊಚ್ಚಲ ಹೆರಿಗೆ ತವರಿನದು. ಊರ ಮಕ್ಕಳನ್ನೆಲ್ಲ ಕಾಲ ಮೇಲೆ ಮಲಗಿಸಿಕೊಂಡವಳು ಈಗ ತನ್ನ ಮೊಮ್ಮಗುವಿಗೆ ತನ್ನ ಬಚ್ಚಲಲ್ಲೇ ನೀರು ಹಾಕಬೇಕು. ಅವಳು ಬದುಕಿನಲ್ಲಿ ಆಸೆಪಟ್ಟಿದ್ದು ಅದೊಂದನ್ನೇ.

ಅಷ್ಟರಲ್ಲಿ ಬಂದಳು ನೋಡಿ, ದುರುಗಪ್ಪ ದುಡಿದ ಗಿರಣಿಯ ಮಾಲಕರ ಹೆಂಡತಿ. ನಮ್ಮ ಓಣಿಗೆ ಕಾರು ಬರುವುದೇ ಅಪರೂಪ. ಅವರ ಮಗಳು ಮಮತಾ ಡಾಕ್ಟರು, ಅಳಿಯ ಸಿದ್ದರಾಮೇಶನೂ ಡಾಕ್ಟರು, ಇಬ್ಬರೂ ನಾಟಿಂಗ್‌ಹ್ಯಾಮಿನಲ್ಲಿ. ಮಮತಾಗೆ ದಿನ ತುಂಬುತ್ತಿದ್ದವು. ಹೆತ್ತ ತಾಯಿ ಹೋಗಬೇಕಲ್ಲವೇ? ಈಕೆಗೆ ಚಳಿ ಆಗಿಬರುವುದಿಲ್ಲವಂತೆ, ಬದಲಿಗೆ ಅಮರಮ್ಮ ಹೋಗಬೇಕಂತೆ.

“ಶಿವರಾತ್ರಿ ಒಳಗ ಕಳಿಸಿಬಿಡ್ತಾರವ್ವಾ. ನಿನ್ನ ಮಗಳು ಹಡಿಯೋದು ಯುಗಾದಿ ಆದಮ್ಯಾಗ. ಎಲ್ಲಾ ಬರೋಬ್ಬರಿ ಆಗತೈತಿ” ಎಂದಳು.

ಅಮರಮ್ಮ ಒಪ್ಪಲಿಲ್ಲ. ಶಿವರಾತ್ರಿಗೆ ಬಿಟ್ಟು ಬಂದರೆ ತನ್ನ ಕಟ್ಟು ಮುರಿಯುತ್ತದೆ ಎಂದಳು. “ಅದನ್ನೆಲ್ಲ ಆ ದೇಶದಾಗ ಯಾರ ನೋಡ್ತಾರ? ಮೊದಲ ನೀರು ಅಲ್ಲಿ ನರ್ಸ್ ಹಾಕ್ತಾಳ, ನೀ ಆಮ್ಯಾಲಿಂದ ಹಾಕು” ಎಂದು ಮಾಲಕಿ ಅದಕ್ಕೂ ದಾರಿ ಹುಡುಕಿಕೊಟ್ಟಳು. ಆದರೂ ಇವಳು ತಲೆ ಆಡಿಸುತ್ತಲೇ ಇದ್ದಳು. ಕೊನೆಗೆ ಮಾಲಕಿ ಫೋನು ಹಚ್ಚಿ ಕೈಗೆ ಕೊಟ್ಟಳು. ಆ ಕಡೆಯಿಂದ ಮಮತಾ ಅಂದಳು: “ಚಿಗವ್ವಾ, ನೀನ ಬರಬೇಕು. ನನಗ ಇಲ್ಲಿ ಯಾರದಾರ ಹೇಳು?”

ಚಿಗವ್ವ! ಅವ್ವನ ತಂಗಿ! ಇಷ್ಟು ವರ್ಷ ಆ ಮನೆಯಲ್ಲಿ ‘ಏ ಅಮರಿ’ ಎನಿಸಿಕೊಂಡವಳು ಒಂದೇ ಗಳಿಗೆಯಲ್ಲಿ ಚಿಗವ್ವಳಾದಳು. ಮೂಗಿಗೆ ತುಪ್ಪ ಹಚ್ಚುವುದು ಎಂದರೆ ಇದೇ. ಅಮರಮ್ಮನ ಕಣ್ಣಲ್ಲಿ ನೀರು ಬಂತು, ಹೂಂ ಅಂದುಬಿಟ್ಟಳು.

“ಹೋಗಬ್ಯಾಡಕ್ಕಾ. ನಾಳಿ ಅವರು ತಡ ಮಾಡಿದ್ರ ಗಂಗಾಗ ಯಾರ?” ಎಂದೆ.

“ಡಾಕ್ಟರ ಮಂದಿ ಸುಳ್ಳ ಹೇಳ್ತಾರನು? ನೀ ಒಬ್ಬಾಕಿ ಉಮಾ, ಎಲ್ಲಾದರಾಗೂ ಹುಳುಕ ಹುಡುಕ್ತಿ” ಎಂದು ನನಗೇ ಬೈದಳು.

ಬಂಧು ಎಂದು ಹೇಳಿದರೆ ಮಾತ್ರ ವೀಸಾದ ಕಾಗದಪತ್ರ ಸಲೀಸಂತೆ. ಹಾಗಾಗಿ ಸರಕಾರದವರ ಮುಂದೆಯೂ ಅವಳು ಚಿಗವ್ವಳೇ. ಕಾರ್ತಿಕದ ಚಳಿಯಲ್ಲಿ, ಮಾಲಕಿಯ ಹಳೆಯ ಉಣ್ಣೆಯ ಕೋಟು ಹಾಕಿಕೊಂಡು ಅಮರಮ್ಮ ಹೊರಟಳು. ಗಂಗಾ ಮಸ್ಕಿಯಿಂದ ಬಂದಿದ್ದಳು. “ಶಿವರಾತ್ರಿಗೆ ಬರ್ತಿದಿ ಹೌದಿಲ್ಲೊ?” ಎಂದು ಕಾರಿನ ಕಿಟಕಿಯಲ್ಲಿ ತಲೆ ತೂರಿಸಿ ಕೇಳಿದಳು. “ಬರ್ತೀನಿ, ನಿನ್ನಾಣಿ” ಎಂದು ಅಮರಮ್ಮ ಮಗಳ ತಲೆ ಮೇಲೆ ಕೈಯಿಟ್ಟಳು.

ಅಲ್ಲಿ ಹೋದ ಮೇಲೆ ಸಿದ್ದರಾಮೇಶ ಒಂದು ಹಳೆಯ ಫೋನು ಕೊಟ್ಟಿದ್ದ. ಮನೆಯಲ್ಲಿ ಯಾರೂ ಇಲ್ಲದಾಗ ನನಗೆ ವಿಡಿಯೋ ಹಚ್ಚುತ್ತಿದ್ದಳು. ಊರ ಹೊರಗಿನ ಬಡಾವಣೆ ಅದು. ಎಲ್ಲ ಮನೆಗಳೂ ಒಂದೇ ಅಚ್ಚಿನವು, ಕೆಂಪು ಇಟ್ಟಿಗೆ, ಮೇಲೆ ಇಳಿಜಾರು ಮಾಡು, ಮುಂದೆ ಅಂಗೈಯಗಲ ಹುಲ್ಲು. ಎರಡೆರಡು ಮನೆ ಮಗ್ಗುಲಿಗೆ ಮಗ್ಗುಲು ಅಂಟಿಸಿ ಕಟ್ಟಿದ್ದಾರೆ. ರಸ್ತೆಯಲ್ಲಿ ಕಾರು ನಿಂತಿವೆ, ಮನುಷ್ಯರಿಲ್ಲ. ಕಸಕ್ಕೆ ಬಣ್ಣ ಬಣ್ಣದ ಡಬ್ಬಿ, ಯಾವ ವಾರ ಯಾವ ಬಣ್ಣದ ಡಬ್ಬಿ ಹೊರಗಿಡಬೇಕು ಎಂಬುದಕ್ಕೆ ಕಾಯ್ದೆ. ಮಧ್ಯಾಹ್ನ ದಾಟುವುದರೊಳಗೆ ಕತ್ತಲೆ.

“ನಿನ್ನ ಮನಿಗೂ ನನ್ನ ಮನಿಗೂ ಹೆಂಗ ಒಂದ ಗ್ವಾಡಿ ಐತಿ, ಇಲ್ಲೂ ಹಂಗ ಒಂದ ಗ್ವಾಡಿ. ಆದರ ಆಕಡಿ ಮಂದಿ ಅದಾರೋ ಸತ್ತಾರೋ ಒಂದೂ ತಿಳಿಯಂಗಿಲ್ಲ ಬೇ. ಕೆಮ್ಮೂದು ಸೈತ ಕೇಳಂಗಿಲ್ಲ. ಒಬ್ಬಾಕಿ ಮುದುಕಿ ಅದಾಳ, ಕಿಡಕಿಯಾಗಿಂದ ಕೈ ಆಡಸ್ತಾಳ. ನಾನೂ ಆಡಸ್ತೀನಿ. ಅಷ್ಟ ನಮ್ಮ ಮಾತು” ಎಂದಳು.

ಒಂದು ದಿನ ಬಿಸಿಲು ಬಿದ್ದಾಗ ಬಾಗಿಲು ತೆರೆದು, ಹೊಸ್ತಿಲ ಮೇಲೆ ಕುಳಿತು ಕೂದಲು ಬಿಚ್ಚಿ ಹಿಕ್ಕಿಕೊಂಡಳಂತೆ. ನಮ್ಮಲ್ಲಿ ಹೆಂಗಸರು ಮಾಡುವ ಕೆಲಸವೇ ಅದು. ಸಿದ್ದರಾಮೇಶ ಕಾರಿನಿಂದ ಇಳಿದವನೇ ಅವಳನ್ನು ಒಳಗೆ ಕರೆದು ಬಾಗಿಲು ಹಾಕಿದ. “ಇಲ್ಲಿ ಯಾರೂ ಬಾಗಿಲಾಗ ಕುಂದ್ರಂಗಿಲ್ಲ. ಮಂದಿ ಏನ ತಿಳ್ಕೋತಾರ?” ಎಂದನಂತೆ. ಯಾವ ಮಂದಿ? ಆ ರಸ್ತೆಯಲ್ಲಿ ನಾಯಿ ತಿರುಗಿಸುವ ಮುದುಕನನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಇಲ್ಲ. ಅಂದಿನಿಂದ ಅಮರಮ್ಮ ಬಿಸಿಲನ್ನು ಗಾಜಿನ ಒಳಗಿನಿಂದಲೇ ಕಂಡಳು.

ಮಮತಾ ಹೆತ್ತಳು, ಗಂಡು ಕೂಸು. ಮಾಲಕಿ ಹೇಳಿದ ಹಾಗೆ ಯಾವ ನರ್ಸೂ ನೀರು ಹಾಕಲಿಲ್ಲ. ಅಲ್ಲಿ ಹುಟ್ಟಿದ ಕೂಸಿಗೆ ಒಡನೆ ನೀರು ಹಾಕುವುದೇ ಇಲ್ಲವಂತೆ, ಒರೆಸಿ ಸುತ್ತಿ ಮರುದಿನವೇ ಮನೆಗೆ ಕಳಿಸಿದರು. ಅಮರಮ್ಮನೇ ಮೊದಲ ನೀರು ಹಾಕಬೇಕಾಯಿತು. ಹಾಕಿದಳು. ಎಲ್ಲಿ ಹಾಕಿದಳು? ಮಹಡಿಯ ಬಾತ್‌ರೂಮಿನ ನೆಲದ ಮೇಲೆ ಕಾಲು ಚಾಚಿ ಕುಳಿತು, ಕೊಡಗಟ್ಟಲೆ ಬಿಸಿನೀರು ಸುರಿದಳು. ಬಚ್ಚಲು ಅಂದಮೇಲೆ ನೀರು ಹೋಗಲು ಮೋರಿ ಇರಲೇಬೇಕಲ್ಲ! ಆ ದೇಶದ ಬಚ್ಚಲ ನೆಲಕ್ಕೆ ಮೋರಿಯೇ ಇಲ್ಲ. ನೀರೆಲ್ಲ ಹಲಗೆಯೊಳಗೆ ಇಳಿದು ಕೆಳಗಿನ ಕೋಣೆಯ ಸೋಫಾದ ಮೇಲೆ ತೊಟ್ಟಿಕ್ಕಿತು. ಸಿದ್ದರಾಮೇಶ ಬಂದು ನೋಡಿ ಇಂಗ್ಲಿಷಿನಲ್ಲಿ ಏನೇನೋ ಅಂದ. ಮಮತಾ ನಕ್ಕಳು, ಆದರೆ ಮರುದಿನದಿಂದ ಅಮರಮ್ಮ ಟಬ್ಬಿನೊಳಗೆ ಕಾಲು ಮಡಚಿಕೊಂಡು ಕುಳಿತೇ ಎರೆಯಬೇಕಾಯಿತು. ಎದ್ದು ಬರುವಾಗ ಸೊಂಟ ಹಿಡಿದುಕೊಳ್ಳುತ್ತಿತ್ತು.

ಬೈದಿಲ್ಲ, ಹೊಡೆದಿಲ್ಲ, ಹೊಟ್ಟೆ ತುಂಬ ಹಾಕಿದ್ದಾರೆ. ಅದನ್ನು ಅಮರಮ್ಮ ಇವತ್ತಿಗೂ ಹೇಳುತ್ತಾಳೆ. ಆದರೆ ಅವಳು ಉಂಡದ್ದು ಅಡುಗೆಮನೆಯಲ್ಲಿ ನಿಂತುಕೊಂಡು. ಕೂಸಿನ ಕೆಲಸಕ್ಕೆಂದು ಹೋದವಳು ರೊಟ್ಟಿ ಬಡಿದಳು, ಬಟ್ಟೆ ಇಸ್ತ್ರಿ ಮಾಡಿದಳು, ಮೆಟ್ಟಿಲಿಗೆ ಹಾಸಿದ ಜಮಖಾನೆಯ ಧೂಳು ಜಗ್ಗುವ ಮಷೀನನ್ನೂ ಓಡಿಸಿದಳು. ಹೊರಗಿನವರು ಬಂದಾಗ ಮಾತ್ರ ಚಿಗವ್ವ.

ಹೆಸರಿಡುವ ದಿನ ಅಲ್ಲಿಯ ಕನ್ನಡದ ಡಾಕ್ಟರುಗಳೆಲ್ಲ ಬಂದಿದ್ದರು. ಮಮತಾ ಇವಳಿಗೊಂದು ಇಳಕಲ್ ಸೀರೆ ಉಡಿಸಿ ಸೋಫಾದ ಮೇಲೆ ಕೂರಿಸಿದಳು. “ಎಲ್ಲಾ ನಮ್ಮ ಚಿಗವ್ವಂದ ಕೈಗುಣ” ಎಂದಳು. ಬಂದ ಹೆಂಗಸರು ಇವಳ ಸುತ್ತ ಮುತ್ತಿದರು. ಅಮರಮ್ಮ ಉಬ್ಬಿದಳು ನೋಡಿ! ತನ್ನ ಕಟ್ಟನ್ನು ಬಿಚ್ಚಿ ಹೇಳಿದಳು: ಮೊದಲ ನೀರು ಹಾಕಿದ ಕೈ ಐದು ತಿಂಗಳು ಬಿಡಬಾರದು, ಬಿಟ್ಟರೆ ಹೀಗೆ, ಬಿಟ್ಟರೆ ಹಾಗೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಮತಾ ಪಕ್ಕದಲ್ಲೇ ನಿಂತು ಕೇಳುತ್ತಿದ್ದಳು.

ಶಿವರಾತ್ರಿ ಹತ್ತಿರ ಬಂತು. ಅಮರಮ್ಮ ತಿಕೀಟಿನ ಮಾತೆತ್ತಿದಳು.

“ಐದ ತಿಂಗಳಾಗೂತನಕ ಬಿಡಬಾರದು ಅಂತ ನೀನ ಹೇಳಿದಿ ಚಿಗವ್ವಾ. ನಾ ಡ್ಯೂಟಿಗೆ ಹೋಗಬೇಕು. ಕೂಸಿನ್ನ ನೋಡಿಕೊಳ್ಳೋ ಸಾಲ್ಯಾಗ ಮೇ ತಿಂಗಳಿಗೆ ಜಾಗ ಸಿಗತೈತಿ. ಈಗ ಬಿಟ್ಟ ಹೋಗಿ, ನಾಳಿ ಕೂಸಿಗೆ ಏನರ ಆದ್ರ?” ಎಂದಳು ಮಮತಾ.

ಓದಿದ ಡಾಕ್ಟರು! ಮಾತ್ರೆ, ಇಂಜೆಕ್ಷನ್ ಬಿಟ್ಟು ಬೇರೇನನ್ನೂ ನಂಬದವಳು, ತನಗೆ ಬೇಕಾದಾಗ ನೀರು ಹಾಕುವವಳ ನಂಬಿಕೆಯನ್ನೇ ಹಗ್ಗ ಮಾಡಿ ಅವಳ ಕಾಲಿಗೆ ಕಟ್ಟಿದಳು. ಅಟ್ಟ ಹತ್ತಿಸಿ ಏಣಿ ತೆಗೆದುಬಿಟ್ಟರು.

ಆ ದಿನ ಅಮರಮ್ಮ ನನಗೆ ಫೋನು ಹಚ್ಚಿ ಅತ್ತಳು. ನನಗೆ ಮೈಯೆಲ್ಲ ಉರಿ.

“ನಿನ್ನ ಪಾಸ್‌ಪೋರ್ಟ್ ಎಲ್ಲಿ ಐತಿ?”

“ಸಾಹೇಬ್ರ ಕಪಾಟಿನಾಗ.”

“ಕೇಳಿ ಇಸ್ಕೊ. ಕಳಸ್ರಿ ಅಂತ ಗಟ್ಟಿಯಾಗಿ ಹೇಳು.”

“ಹೆಂಗ ಹೇಳ್ಲಿ ಬೇ? ಮನಿ ಮಗಳ ಹಂಗ ನೋಡ್ಯಾರ.”

“ನಿನ್ನ ಮನಿ ಮಗಳು ಮಸ್ಕಿಯಾಗ ಅದಾಳಕ್ಕಾ, ಹೊಟ್ಟಿ ಹೊತ್ಕೊಂಡು ಕುಂತಾಳ!”

ಅವಳು ಮೂಗು ಸೀಟಿಕೊಂಡಳು. ಆಮೇಲೆ ಅಂದಳು: “ಇಲ್ಲೀ ಕೂಸು ನಡುವ ಬಿಟ್ಟು ಬಂದ್ರ ಗಂಗಾನ ಕೂಸಿಗೆ ಕೇಡ ತಟ್ಟತೈತಿ ಉಮಾ. ಅದಕ್ಕ ಹೆದರಿಕಿ. ಆಕಿ ಕೂಸು ಚೆಂದ ಇರಲಿ ಅಂತನ ಇಲ್ಲಿ ಕುಂತೀನಿ.”

ಇದಕ್ಕೆ ಏನು ಹೇಳುತ್ತೀರಿ? ಮಗಳ ಮೇಲಿನ ಪ್ರೀತಿಯಿಂದಲೇ ಮಗಳಿಗೆ ಒದಗದೆ ಹೋದಳು. ಇಂಥ ಹುಚ್ಚು ನಮ್ಮವರಿಗೆ ಮಾತ್ರ ಬರುತ್ತದೆ.

ನಾನು ಹೊಲಿಗೆ ಬಿಟ್ಟು ಗಿರಣಿ ಮಾಲಕರ ಮನೆಗೆ ಹೋದೆ. ಮಾಲಕಿ ಜೋಕಾಲಿಯಲ್ಲಿ ಕುಳಿತಿದ್ದಳು. ನನ್ನ ಮಾತು ಕೇಳಿ, “ನಿಮ್ಮ ಗಂಗಾಗ ಅತ್ತಿ ಅದಾಳಲ್ಲ. ನಮ್ಮ ಮಮತಾಗ ಪರದೇಶದಾಗ ಯಾರದಾರ?” ಎಂದಳು.

“ನೀವದೀರಲ್ರೀ ಹಡದಾಕಿ!” ಎಂದೆ.

“ನಾಲಿಗಿ ಬಾಳ ಉದ್ದ ಐತಿ ನಿಂದು” ಎಂದು ಎದ್ದು ಒಳಗೆ ಹೋದಳು. ಆಮೇಲೆ ಆ ಮನೆಯ ಜಂಪರುಗಳು ನನ್ನ ಹತ್ತಿರ ಹೊಲಿಗೆಗೆ ಬರುವುದು ನಿಂತಿತು. ನಿಲ್ಲಲಿ.

ಯುಗಾದಿ ಕಳೆದು ಕೆಲವೇ ದಿನಕ್ಕೆ ಗಂಗಾಗೆ ನೋವು ಬಂತು. ತವರಿನಲ್ಲಿ ಬೀಗ ಹಾಕಿದ ಮನೆ, ಕರೆದುಕೊಂಡು ಬರುವುದು ಎಲ್ಲಿಗೆ? ವಿರೇಶ ಮತ್ತು ಅವನ ತಾಯಿ ಆದೆಮ್ಮ ಅವಳನ್ನು ಲಿಂಗಸುಗೂರಿನ ದವಾಖಾನೆಗೆ ಒಯ್ದರು. ಬಹಳ ಕಷ್ಟದ ಹೆರಿಗೆ. ಹೆಣ್ಣು ಕೂಸು. ಸುದ್ದಿ ತಿಳಿದು, ಅವರು ಮನೆಗೆ ಬಂದ ದಿನ ನಾನು ಮಸ್ಕಿಗೆ ಹೋದೆ.

ಮರುದಿನ ಆದೆಮ್ಮ ಬಚ್ಚಲಲ್ಲಿ ಕಾಲು ಚಾಚಿ ಕುಳಿತು ಮೊದಲ ನೀರು ಹಾಕಲು ಅಣಿಯಾದಳು. ಆಗಲೇ ಅಮರಮ್ಮನ ವಿಡಿಯೋ ಬಂತು. ನಾನು ಫೋನು ಹಿಡಿದುಕೊಂಡು ಬಚ್ಚಲ ಬಾಗಿಲಲ್ಲಿ ನಿಂತೆ. ಆ ಕಡೆ ಅವಳು ಟಬ್ಬಿನೊಳಗೆ ಕುಳಿತಿದ್ದಳು. ಅವಳ ಕಾಲ ಮೇಲೆ ಮಮತಾಳ ಮಗ, ದುಂಡಗೆ, ಎಣ್ಣೆಯಲ್ಲಿ ಮಿಂಚುತ್ತಿದ್ದ. ಈ ಕಡೆ ಅವಳ ಮೊಮ್ಮಗಳು ಆದೆಮ್ಮನ ಕಾಲ ಮೇಲೆ.

“ಕುತ್ತಿಗಿ ಹಿಡೀರಿ ಬೀಗತಿ... ನೀರು ಜರಾ ಆರಿಸ್ರಿ... ನೆತ್ತಿಗಿ ಎಣ್ಣಿ ಮೊದಲ ಹಚ್ಚಬೇಕು... ಕಿವಿ, ಕಿವಿ ಮುಚ್ಚರಿ!” ಅಮರಮ್ಮ ಅಲ್ಲಿಂದ ಕೂಗುತ್ತಲೇ ಇದ್ದಳು.

ಆದೆಮ್ಮ ಕೆಟ್ಟವಳಲ್ಲ. ಆದರೂ ಎಷ್ಟೆಂದು ಕೇಳಿಯಾಳು? ತಲೆ ಎತ್ತದೆ ಅಂದಳು: “ನಮಗೂ ಬರತೈತ್ರಿ ಬೀಗತಿ. ನೀವು ನಿಮ್ಮ ಕಾಲ ಮ್ಯಾಗಿನ ಕೂಸಿನ್ನ ನೋಡ್ಕೋರಿ.”

ಅಮರಮ್ಮ ತನ್ನ ಕಾಲ ಮೇಲಿನ ಕೂಸಿಗೆ ನೀರು ಸುರಿಯತೊಡಗಿದಳು. ಮನೆಯೊಳಗೆ ಕಂಬಳಿ ಹೊದ್ದು ಮಲಗಿದ್ದ ಗಂಗಾಗೆ ಫೋನು ಕೊಡಲು ಹೋದೆ. ಅವಳು ಗೋಡೆಯ ಕಡೆ ಹೊರಳಿದಳು. “ಅಕ್ಕಾ, ನನಗ ತಲಿ ನೋಯಾಕತ್ತೈತಿ” ಎಂದಳು.

ಮೇ ತಿಂಗಳ ಬಿಸಿಲಲ್ಲಿ ಅಮರಮ್ಮ ತಿರುಗಿ ಬಂದಳು. ಬಂದವಳು ಮನೆಯ ಬೀಗ ತೆಗೆಯದೆ, ಕೋಟು ಕೈಯಲ್ಲಿ ಹಿಡಿದೇ ಮಸ್ಕಿಯ ಬಸ್ಸು ಹತ್ತಿದಳು. ಮೊಮ್ಮಗಳನ್ನು ಎತ್ತಿಕೊಂಡರೆ ಕೂಸು ಕಿರುಚಿ ಅತ್ತಿತು, ಆದೆಮ್ಮ ಎತ್ತಿಕೊಂಡ ಮೇಲೆಯೇ ಸುಮ್ಮನಾಯಿತು. ಮರುದಿನ ನೀರು ಹಾಕುವ ಹೊತ್ತಿಗೆ ಆದೆಮ್ಮ ದೊಡ್ಡ ಮನಸ್ಸು ಮಾಡಿ, “ನೀವ ಹಾಕ್ರಿ ಬೀಗತಿ” ಎಂದಳು. ಅಮರಮ್ಮ ಒಪ್ಪಲಿಲ್ಲ. ಮೊದಲ ನೀರು ಹಾಕಿದ ಕೈ ಇವಳದಲ್ಲವಲ್ಲ! ಕಟ್ಟು ಎಂದರೆ ಕಟ್ಟು. ಬಿಸಿನೀರು ತೋಡಿಕೊಟ್ಟಳು, ಟವೆಲ್ ಹಿಡಿದು ನಿಂತಳು, ಸಂಜೆ ಬಸ್ಸಿಗೆ ಸಿಂಧನೂರಿಗೆ ಬಂದಳು.

ಆಮೇಲೆ ಊರಲ್ಲಿ ಅವಳಿಗೆ ಎಲ್ಲಿಲ್ಲದ ಬೇಡಿಕೆ. ಲಂಡನ್ನಿನಲ್ಲಿ ನೀರು ಹಾಕಿ ಬಂದವಳು ಎಂದು ದೊಡ್ಡ ದೊಡ್ಡ ಮನೆಯವರು ಆಟೋ ಕಳಿಸಿ ಕರೆಸುತ್ತಾರೆ. ಮಮತಾ ಒಂದು ಸಲ ರಜೆಗೆ ಊರಿಗೆ ಬಂದಿದ್ದಳು. ಅಮರಮ್ಮ ಸಡಗರದಿಂದ ಕೂಸನ್ನು ನೋಡಲು ಹೋದಳು. ಆ ಮನೆ ತುಂಬ ಬೀಗರು, ನೆಂಟರು. ಮಮತಾ ಇವಳನ್ನು ಕಂಡು, “ಬಾ ಅಮರಮ್ಮ, ಹಿಂದ ಹಿತ್ತಲಾಗ ಕೂಸಿನ ಅರಿವಿ ಬಿದ್ದಾವ, ಜರಾ ಒಗದಹಾಕು” ಎಂದಳಂತೆ. ಚಿಗವ್ವ ನಾಟಿಂಗ್‌ಹ್ಯಾಮಿನಲ್ಲೇ ಉಳಿದಳು. ಅರಿವೆ ಒಗೆದು ಹಾಕಿಯೇ ಬಂದಳು ಈ ಹುಚ್ಚಿ, ಅದನ್ನು ನನಗೆ ನಗುತ್ತಾ ಹೇಳಿದಳು. ನಾನು ನಗಲಿಲ್ಲ.

ಈ ವರ್ಷ ಗಂಗಾ ಮತ್ತೆ ಬಸುರಾದಳು. ಸುದ್ದಿ ಕೇಳಿದ ದಿನವೇ ಅಮರಮ್ಮ ಊರಿನಿಂದ ಬಂದ ಕರೆಗಳನ್ನೆಲ್ಲ ಒಲ್ಲೆ ಎಂದು ತಿರುಗಿಸಿ ಕಳಿಸಿದಳು. ಮನೆಗೆ ಸುಣ್ಣ ಬಳಿಸಿದಳು, ಬಚ್ಚಲಿಗೆ ಹೊಸ ಹಾಸುಗಲ್ಲು ಹಾಕಿಸಿದಳು. “ಎರಡನೇದ್ದು ಅತ್ತಿ ಮನ್ಯಾಗ ಆದರೂ ನಡೀತೈತಕ್ಕಾ” ಎಂದು ನಾನು ಮೆಲ್ಲಗೆ ಹೇಳಿ ನೋಡಿದೆ. “ಚೊಚ್ಚಲದ್ದಕ್ಕ ಮಾಡಲಿಲ್ಲ, ಇದಕ್ಕರ ಮಾಡ್ತೀನಿ” ಎಂದಳು. ಅವಳು ಗಂಡ ಸತ್ತವಳು, ಉಡಿ ತುಂಬಲು ಮುತ್ತೈದೆ ಬೇಕೆಂದು ನನ್ನನ್ನು ಹೊರಡಿಸಿದಳು. ಹಸಿರು ಸೀರೆ, ಹಸಿರು ಬಳೆ, ಕೊಬ್ಬರಿ, ಉತ್ತತ್ತಿ, ಅರಿಷಿಣದ ಕೊಂಬು ಕಟ್ಟಿಕೊಂಡು ಇಬ್ಬರೂ ಮಸ್ಕಿಗೆ ಹೋದೆವು.

ಗಂಗಾ ನಮ್ಮನ್ನು ಚೆನ್ನಾಗಿಯೇ ಕರೆದಳು. ಕಾಲಿಗೆ ನೀರು ಕೊಟ್ಟಳು, ಚಹಾ ಮಾಡಿದಳು. ನಾನು ಅವಳ ಹಣೆಗೆ ಕುಂಕುಮ ಹಚ್ಚಿ ಉಡಿ ತುಂಬಿದೆ, ಅವಳು ಸೆರಗೊಡ್ಡಿ ತುಂಬಿಸಿಕೊಂಡಳು. ಅಮರಮ್ಮನ ಮುಖ ಅರಳಿತ್ತು. “ನಡಿಯವ್ವಾ, ಬಟ್ಟಿಬರಿ ಕಟ್ಟಿಕೊ. ನಾಕ ಗಂಟೀ ಬಸ್ಸಿಗೆ ಹೋಗೂಣು” ಎಂದಳು.

“ನಾ ಬರಂಗಿಲ್ಲವ್ವಾ” ಎಂದಳು ಗಂಗಾ.

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ನಾನು ಬೈದು ಸಮಾಧಾನ ಮಾಡುತ್ತಿದ್ದೆ.

“ಇನ್ನೂ ಮನಸಿನಾಗ ಇಟ್ಕೊಂಡೀ ಏನು? ನಾ ಆ ಕೂಸಿನ್ನ ನಡುವ ಬಿಟ್ಟು ಬಂದಿದ್ರ ನಿನ್ನ ಕೂಸಿಗೆ ಕೇಡ ಆಗತಿತ್ತು. ನಿನ್ನ ಸಲುವಾಗಿನ ಕುಂತಿದ್ನೆವ್ವಾ ಅಲ್ಲಿ” ಎಂದು ಅಮರಮ್ಮ ಮಗಳ ಕೈ ಹಿಡಿದುಕೊಂಡಳು.

ಗಂಗಾ ಕೈ ಬಿಡಿಸಿಕೊಳ್ಳಲಿಲ್ಲ. “ಹೌದು, ಕೂಸಿಗೆ ಏನೂ ಆಗಲಿಲ್ಲ” ಎಂದಳು. ಆಮೇಲೆ ಹೇಳಿದಳು: “ಲಿಂಗಸುಗೂರು ದವಾಖಾನ್ಯಾಗ ನನ್ನ ಬಾಜೂ ಇದ್ದಾಕಿ ಬ್ಯಾನಿ ಬಂದಾಗೆಲ್ಲ ಯವ್ವಾ, ಯವ್ವಾ ಅಂತ ಒದರತಿದ್ದಳು. ಎಲ್ಲಾರೂ ಹಂಗ ಒದರೋದು. ನನ್ನ ಬಾಯಾಗ ಮಾತ್ರ ಅತ್ತೀ ಅಂತ ಬಂತವ್ವಾ. ನಾ ಬೇಕಂತ ಕರೀಲಿಲ್ಲ, ತಾನ ಬಂತು. ಈ ಸಲನೂ ನನ್ನ ಬಾಯಾಗ ಅದ ಬರತೈತಿ.”

ಅಮರಮ್ಮ ಹಿಡಿದಿದ್ದ ಕೈಯನ್ನು ತಾನೇ ಬಿಟ್ಟಳು. ನನಗೆ ಯಾರ ಮೇಲೆ ರೇಗಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಆದೆಮ್ಮ ಒಳಗಿನಿಂದ, “ಬೀಗತಿ, ಹಂಗ ಹೋಗಬ್ಯಾಡ್ರಿ, ಉಂಡು ಹೋಗ್ರಿ” ಎಂದು ತಾಟು ಹಾಕಿದಳು. ಅಮರಮ್ಮ ಕುಳಿತು ಉಂಡಳು. ಬೀಗರ ಮನೆಯಲ್ಲಿ ಉಣ್ಣುವ ಹಾಗೆ, ಮತ್ತೊಂದು ರೊಟ್ಟಿ ಕೇಳದೆ, ಹಾಕಿದಷ್ಟನ್ನು ಉಂಡು ಕೈ ತೊಳೆದಳು.